ಹೆಬ್ಬೆಟ್ಟು ಒತ್ತಿಸಿಕೊಂಡು ಮೆದುಳು ಅಳೆಯುವವರು

ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಪೇಪರ್ ಬಿಡಿಸಿದಾಗ ಒಳಗಿಂದ ಒಂದು ಬಣ್ಣದ ಪಾಂಪ್ಲೆಟ್ ಬಿತ್ತು. ಅದು ನೀವು ಅಚ್ಚು ಹಾಕಿದ್ದಲ್ಲ, ಪೇಪರ್ ಹಾಕುವ ಹುಡುಗರ ಕೈಗೆ ನಾಲ್ಕು ದುಡ್ಡು ಕೊಟ್ಟು ಯಾರೋ ಇಡಿಸಿದ್ದು, ಅದು ನನಗೂ ಗೊತ್ತು. ಮೇಲೆ 'ನಿಮ್ಮ ಮಗುವಿನ ಹುಟ್ಟು ಪ್ರತಿಭೆ ಬೆರಳ ತುದಿಯಲ್ಲಿದೆ' ಅಂತ ಇತ್ತು. ಕೆಳಗೆ ಮೆದುಳಿನ ಚಿತ್ರ. ಮೆದುಳಿನ ಒಂದೊಂದು ಭಾಗಕ್ಕೆ ಒಂದೊಂದು ಬಣ್ಣ, ಅಲ್ಲಿಂದ ಒಂದೊಂದು ಬೆರಳಿಗೆ ಬಾಣ. ಹತ್ತು ಬೆರಳು ಸ್ಕ್ಯಾನ್ ಮಾಡಿಸಿದರೆ ಸಾಕಂತೆ, ಅಪ್ಪ ಅಮ್ಮನಿಂದ ಮಗುವಿಗೆ ಎಂಥ ಮೆದುಳು ಬಂದಿದೆ, ಅದು ಡಾಕ್ಟರ್ ಆಗಬೇಕೋ ಡಾನ್ಸರ್ ಆಗಬೇಕೋ ಎಲ್ಲ ಹೇಳುತ್ತಾರಂತೆ.

ಆ ಪಾಂಪ್ಲೆಟ್ ಹರಿದು ಹಾಕಿ ಸುಮ್ನಿರಬಹುದಿತ್ತು. ಆದರೆ ಇದೇ ಪರೀಕ್ಷೆ ನಮ್ಮ ಮನೆಯಲ್ಲೇ ಒಂದು ರಾದ್ಧಾಂತ ಮಾಡಿ ಹೋಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹುಬ್ಬಳ್ಳಿಯ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಎಂಆರ್‌ಐ ಟೆಕ್ನೀಷಿಯನ್. 14 ವರ್ಷ ಆಯಿತು. ಡಾಕ್ಟರ್ ಅಲ್ಲ, ವಿಜ್ಞಾನಿಯೂ ಅಲ್ಲ. ಆದರೆ ದಿನಾ ಹತ್ತು ಹನ್ನೆರಡು ಮೆದುಳು ಕಣ್ಣ ಮುಂದೆ ಹಾದುಹೋಗುತ್ತವೆ, ಸೌತೆಕಾಯಿ ಹೋಳು ಕೊಯ್ದಿಟ್ಟ ಹಾಗೆ, ಮೇಲಿಂದ ಕೆಳಗಿನವರೆಗೆ. ರಾತ್ರಿ ಪಾಳಿಯಲ್ಲಿ ಪೇಷಂಟ್ ಇಲ್ಲದಾಗ ಕೂತು ಓದುವ ಚಟ ಬೇರೆ ಇದೆ.

ನನ್ನ ತಮ್ಮ ಗದಗದಲ್ಲಿದ್ದಾನೆ. ಅವನಿಗೆ ಅವಳಿ ಹೆಣ್ಣುಮಕ್ಕಳು, ಏಳನೇ ಕ್ಲಾಸು. ಇಬ್ಬರೂ ಒಂದೇ ಅಚ್ಚು, ಒಂದೇ ಮಾಸಿನಲ್ಲಿ ಬೆಳೆದವರು ಅಂತ ಹೆರಿಗೆ ಮಾಡಿಸಿದ ಡಾಕ್ಟರೇ ಹೇಳಿದ್ದರು. ಹನ್ನೊಂದು ನಿಮಿಷ ಮೊದಲು ಹುಟ್ಟಿದವಳು ನಮಗೆ ದೊಡ್ಡಾಕಿ, ಇನ್ನೊಬ್ಬಳು ಸಣ್ಣಾಕಿ. ಜೂನ್‌ನಲ್ಲಿ ಅವರ ಶಾಲೆಯಲ್ಲೇ ಈ ಬೆರಳಿನ ಕ್ಯಾಂಪ್ ಆಯಿತು. ಒಂದು ಮಗುವಿಗೆ 3,500 ರೂಪಾಯಿ. ಆಧಾರ್ ಮಾಡಿಸುವಾಗ ಬೆರಳು ಇಡಿಸುತ್ತಾರಲ್ಲ, ಅಂಥದ್ದೇ ಒಂದು ಪುಟ್ಟ ಡಬ್ಬಿ, ಒಂದು ಲ್ಯಾಪ್‌ಟಾಪ್, ಕುತ್ತಿಗೆಗೆ ಟೈ ಕಟ್ಟಿಕೊಂಡ ಇಬ್ಬರು ಹುಡುಗರು. ಎರಡು ವಾರಕ್ಕೆ ಸ್ಪೈರಲ್ ಬೈಂಡಿಂಗ್ ಮಾಡಿದ ರಿಪೋರ್ಟ್ ಬಂತು, ಒಬ್ಬೊಬ್ಬಳಿಗೆ 32 ಪುಟ.

ಪಂಚಮಿಗೆ ಹೋದಾಗ ಅವನ್ನು ನೋಡಿದೆ. ಶೋಕೇಸಿನಲ್ಲಿ ಗಣಪತಿ ಮೂರ್ತಿ ಪಕ್ಕ ಇಟ್ಟಿದ್ದರು. ದೊಡ್ಡಾಕಿಯದು 'ಎಡಮೆದುಳು ಪ್ರಧಾನ', ಗಣಿತ, ತರ್ಕ, ಎಂಜಿನಿಯರಿಂಗ್. ಸಣ್ಣಾಕಿಯದು 'ಬಲಮೆದುಳು ಪ್ರಧಾನ', ಸಂಗೀತ, ನೃತ್ಯ, ಗಣಿತದಲ್ಲಿ ಒತ್ತಡ ಹಾಕಬೇಡಿ ಅಂತ ಕೆಂಪು ಅಕ್ಷರದಲ್ಲಿ ಬೇರೆ. ಜೋಕಾಲಿ ಆಡುವುದು ಬಿಟ್ಟು ಸಣ್ಣಾಕಿ ನನ್ನ ಪಕ್ಕ ಬಂದು ಕೂತಳು. ಕೈಯಲ್ಲಿ ಶೇಂಗಾ ಉಂಡಿ, ತಿನ್ನುತ್ತಿಲ್ಲ. "ದೊಡ್ಡಪ್ಪಾ, ನನ್ನ ತಲ್ಯಾಗ ಗಣಿತದ ಜಾಗಾನ ಸಣ್ಣದೈತಂತ," ಅಂದಳು. ಅವಳನ್ನು ಗಣಿತದ ಟ್ಯೂಷನ್‌ನಿಂದ ಬಿಡಿಸಿಯಾಗಿತ್ತು. ತಮ್ಮನ ಹೆಂಡತಿಯನ್ನು ಕೇಳಿದರೆ, "ಭಾವಾರ, ಕಂಪ್ಯೂಟರ್ ಹೇಳಿದ್ದು ಸುಳ್ಳ ಇರತೈತೇನ್ರಿ? ಇಷ್ಟ ರೊಕ್ಕಾ ಕೊಟ್ಟೀವಿ," ಅಂತ ನನಗೇ ತಿರುಗಿ ಕೇಳಿದಳು.

ಸಂಗೀತ ಕಲಿಯುವುದು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅದೂ ವೀರೇಶ್ವರ ಪುಣ್ಯಾಶ್ರಮ ಇರುವ ಗದಗದಲ್ಲಿ ಯಾರಾದರೂ ಹಾಗೆ ಹೇಳುವುದುಂಟೇ? ಆದರೆ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಣ್ಣು ಕಾಣದ ಮಕ್ಕಳನ್ನು ಕೂಡಿಸಿಕೊಂಡು ಸ್ವರ ಹೇಳಿಕೊಡುವ ಮುಂಚೆ ಯಾರ ಬೆರಳೂ ಒತ್ತಿಸಿ ನೋಡಲಿಲ್ಲ.

ಈಗ ತಿರುಳಿಗೆ ಬರುತ್ತೇನೆ. ಆ ಹುಡುಗರು ಹೇಳುವುದರಲ್ಲಿ ಅರ್ಧ ನಿಜ ಇದೆ, ಅದೇ ಅಪಾಯ. ಮೆದುಳಿನ ಆಕಾರಕ್ಕೂ ವಂಶವಾಹಿಗೂ, ಅಂದರೆ ಜೀನಿಗೂ, ನಂಟು ಇದೆ, ಜಾಸ್ತಿಯೇ ಇದೆ. ಇದನ್ನು ತಿಳಿಯಲು ದಾರಿ ಮಾಡಿಕೊಟ್ಟವರು ಅವಳಿಗಳೇ. ಒಂದೇ ಅಚ್ಚಿನ ಅವಳಿಗಳಲ್ಲಿ ಜೀನ್ ಹತ್ತಿರ ಹತ್ತಿರ ಪೂರ್ತಿ ಒಂದೇ. ಬೇರೆ ಬೇರೆ ಮೊಟ್ಟೆಯಿಂದ ಹುಟ್ಟಿದ ಅವಳಿಗಳಲ್ಲಿ, ಬೇರೆ ಅಣ್ಣ-ತಮ್ಮಂದಿರಲ್ಲಿ ಇರುವ ಹಾಗೆ, ಸರಾಸರಿ ಅರ್ಧ. ಎರಡೂ ಥರದ ಜೋಡಿ ಬೆಳೆಯುವುದು ಒಂದೇ ಮನೆ, ಒಂದೇ ಊಟದಲ್ಲಿ. ಹಾಗಾಗಿ ಮೊದಲನೇ ಜೋಡಿಯ ಮೆದುಳು ಎರಡನೇ ಜೋಡಿಯದಕ್ಕಿಂತ ಎಷ್ಟು ಜಾಸ್ತಿ ಹೋಲುತ್ತದೆ ಅಂತ ನೋಡಿದರೆ ಜೀನಿನ ಪಾಲು ಎಷ್ಟು ಅಂತ ಅಂದಾಜು ಸಿಗುತ್ತದೆ. 1997ರಲ್ಲಿ ಅಮೆರಿಕದಲ್ಲಿ ಹೀಗೆ ಅವಳಿಗಳ ಎಂಆರ್‌ಐ ತೆಗೆದು ಲೆಕ್ಕ ಹಾಕಿದಾಗ ಮೆದುಳಿನ ಒಟ್ಟು ಗಾತ್ರದ ವ್ಯತ್ಯಾಸದಲ್ಲಿ ಶೇಕಡಾ 94ರಷ್ಟು ಜೀನಿನ ಪಾಲು ಅಂತ ಬಂತು. ಆಮೇಲಿನ ದೊಡ್ಡ ಅಧ್ಯಯನಗಳಲ್ಲೂ ದೊಡ್ಡವರ ಮೆದುಳಿನ ಗಾತ್ರಕ್ಕೆ 80, 90ರ ಆಸುಪಾಸಿನ ಅಂಕಿಯೇ ಬರುತ್ತದೆ.

ಆದರೆ ಅದೇ 1997ರ ಅಧ್ಯಯನದಲ್ಲಿ ಇನ್ನೊಂದು ಮಾತಿದೆ. ಮೆದುಳಿನ ಮೇಲಿನ ಮಡಿಕೆಗಳು ಇದ್ದಾವಲ್ಲ, ಆಕ್ರೋಟ್ ಕಾಯಿಯ ಹಾಗೆ ಕಾಣುವ ಆ ಸುಕ್ಕು, ಅದರಲ್ಲಿ ಅವಳಿಗಳ ಹೋಲಿಕೆ ಬಹಳ ಕಡಿಮೆ. ನಾನು ಇದನ್ನು ಕಣ್ಣಾರೆ ನೋಡಿದ್ದೇನೆ. ಕೆಲವು ವರ್ಷದ ಹಿಂದೆ ಅವಳಿ ಅಣ್ಣ ತಮ್ಮ ಬಂದಿದ್ದರು, ಒಬ್ಬನಿಗೆ ತಲೆನೋವು, ಇನ್ನೊಬ್ಬ ಅದನ್ನು ನೋಡಿ ಹೆದರಿ ಬಂದವನು. ಇಬ್ಬರದೂ ನಾರ್ಮಲ್. ಎರಡನ್ನೂ ಪಕ್ಕಪಕ್ಕದ ಎರಡು ಮಾನಿಟರಿನಲ್ಲಿ ಹಾಕಿ ನೋಡಿದೆ. ತಲೆಯ ಗಾತ್ರ, ನಡುವೆ ನೀರು ತುಂಬಿದ ಕುಳಿಗಳ ಆಕಾರ, ಎರಡೂ ಭಾಗ ಜೋಡಿಸುವ ಬಿಳಿ ಸೇತುವೆಯ ಬಾಗು, ಎಲ್ಲ ತದ್ವತ್. ಆದರೆ ಕಿವಿಯ ಮೇಲ್ಭಾಗಕ್ಕೆ ಬಂದರೆ ಅಣ್ಣನಿಗೆ ಉದ್ದಕ್ಕೆ ಒಂದೇ ಗೀರು, ತಮ್ಮನಿಗೆ ಅದೇ ಗೀರು ನಡುವೆ ತುಂಡಾಗಿ ಎರಡಾಗಿತ್ತು.

ಮನೆಯಲ್ಲೇ ಇದನ್ನು ತೋರಿಸಿಕೊಡಬಹುದು. ಮೆದುಳಿನ ಹೊರಪದರ ಅಂದರೆ ಕಾರ್ಟೆಕ್ಸ್, ಅದನ್ನು ಪೂರ್ತಿ ಬಿಡಿಸಿ ಹಾಸಿದರೆ ಹೆಚ್ಚುಕಡಿಮೆ ನಿಮ್ಮ ಪೇಪರಿನ ಒಂದು ಪುಟದಷ್ಟಾಗುತ್ತದೆ. ದಪ್ಪ ಎರಡರಿಂದ ನಾಲ್ಕು ಮಿಲಿಮೀಟರ್ ಅಷ್ಟೇ. ಅಷ್ಟು ದೊಡ್ಡ ಹಾಳೆ ತಲೆಬುರುಡೆಯೊಳಗೆ ಹಿಡಿಯಬೇಕು ಅಂದರೆ ಮುದುಡಲೇಬೇಕು. ಒಂದೇ ದಿನದ ಪೇಪರಿನ ಎರಡು ಪ್ರತಿ ತಗೊಂಡು ಒಂದೇ ಪುಟವನ್ನು ಎರಡೂ ಕೈಯಲ್ಲಿ ಮುದ್ದೆ ಮಾಡಿ. ಅಚ್ಚು ಒಂದೇ, ಹಾಳೆ ಒಂದೇ, ಸುಕ್ಕು ಬೇರೆ ಬೇರೆ. ಮೆದುಳಿನ ದೊಡ್ಡ ಗೀರುಗಳು ಎಲ್ಲರಲ್ಲೂ ಒಂದೇ ಜಾಗದಲ್ಲಿರುತ್ತವೆ ನಿಜ, ಸಣ್ಣವು ಹಾಗಲ್ಲ.

ಹಾಗಾದರೆ ಗಣಿತದ ಜೀನ್, ಸಂಗೀತದ ಜೀನ್ ಅಂತ ಏನಾದರೂ ಇದೆಯಾ? 2020ರಲ್ಲಿ ಎನಿಗ್ಮಾ ಅನ್ನುವ ಅಂತರರಾಷ್ಟ್ರೀಯ ತಂಡ 51 ಸಾವಿರಕ್ಕೂ ಹೆಚ್ಚು ಜನರ ಮೆದುಳಿನ ಸ್ಕ್ಯಾನ್ ಮತ್ತು ಡಿಎನ್‌ಎ ಎರಡನ್ನೂ ಇಟ್ಟುಕೊಂಡು ನೋಡಿತು. ಕಾರ್ಟೆಕ್ಸ್‌ನ ಆಕಾರಕ್ಕೆ ಸಂಬಂಧಪಟ್ಟ 199 ಜಾಗಗಳು ಡಿಎನ್‌ಎಯಲ್ಲಿ ಸಿಕ್ಕವು. ಒಂದೊಂದರ ಪ್ರಭಾವ ಚಿಟಿಕೆಯಷ್ಟು. ನನಗೆ ಅದರಲ್ಲಿ ಬಹಳ ಹಿಡಿಸಿದ್ದು ಬೇರೆ. ಕಾರ್ಟೆಕ್ಸ್ ಎಷ್ಟು ಅಗಲ ಅನ್ನುವುದನ್ನು ನಿರ್ಧರಿಸುವ ಜೀನುಗಳು ಬಹುಮಟ್ಟಿಗೆ ಬೇರೆ, ಎಷ್ಟು ದಪ್ಪ ಅನ್ನುವುದಕ್ಕೆ ಬೇರೆ. ಹೊಲ ಎಷ್ಟು ಎಕರೆ ಅನ್ನುವುದು ಒಂದು, ಎರೆಮಣ್ಣು ಎಷ್ಟು ಆಳ ಇದೆ ಅನ್ನುವುದು ಇನ್ನೊಂದು, ಅಲ್ವಾ? ಅಗಲದ ಜೀನುಗಳ ಆಟ ನಡೆಯುವುದು ಹೆಚ್ಚಾಗಿ ಮಗು ಹೊಟ್ಟೆಯಲ್ಲಿದ್ದಾಗ, ನರಕೋಶಗಳ ಮೂಲಕೋಶ ಒಡೆದು ಎರಡಾಗುವ ಹಂತದಲ್ಲಿ. ದಪ್ಪದ ಜೀನುಗಳದು ಬೆಳೆದ ಮೆದುಳಿನಲ್ಲೂ ನಡೆಯುತ್ತದೆ. ಇಷ್ಟೆಲ್ಲ ಹುಡುಕಿದವರು ಕೂಡ ಒಂದು ಮಗುವಿನ ಡಿಎನ್‌ಎ ನೋಡಿ 'ಇವಳಿಗೆ ಗಣಿತ ಬರುವುದಿಲ್ಲ' ಅಂತ ಹೇಳುವುದಿಲ್ಲ. ನಮ್ಮ ಟೈ ಹುಡುಗರು ಡಿಎನ್‌ಎಯನ್ನೂ ನೋಡದೆ, ಮೆದುಳನ್ನೂ ನೋಡದೆ, ಹೆಬ್ಬೆಟ್ಟು ನೋಡಿ ಹೇಳುತ್ತಾರೆ.

ಬೆರಳಿನ ಕಥೆ ಕೇಳಿ. ಬೆರಳ ಗೆರೆ ಮೂಡುವುದು ಬಸುರಿನ ಮೂರು-ನಾಲ್ಕನೇ ತಿಂಗಳಲ್ಲಿ. ಆ ಹೊತ್ತಿನಲ್ಲೇ ಮೆದುಳೂ ಬೆಳೆಯುತ್ತಿರುತ್ತದೆ, ಅದಕ್ಕೇ ಎರಡಕ್ಕೂ ಸಂಬಂಧ ಅನ್ನುತ್ತಾರೆ. ಅದೇ ಹೊತ್ತಿನಲ್ಲಿ ಕಿಡ್ನಿಯೂ ಬೆಳೆಯುತ್ತಿರುತ್ತದಪ್ಪ, ಕಿರುಬೆರಳು ನೋಡಿ ಕಿಡ್ನಿ ರಿಪೋರ್ಟ್ ಕೊಡುತ್ತಾರಾ? ಬೆರಳು, ಅಂಗೈ ಗೆರೆಗಳ ಅಧ್ಯಯನ ಅನ್ನುವುದು ನಿಜವಾದ ಶಾಸ್ತ್ರವೇ, ಡರ್ಮಟೊಗ್ಲಿಫಿಕ್ಸ್ ಅನ್ನುವ ಹೆಸರು ಬಂದದ್ದು 1926ರಲ್ಲಿ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಅಂಗೈ ಗೆರೆ ಸ್ವಲ್ಪ ಬೇರೆ ಥರ ಇರುವುದು ಉಂಟು. ಅಲ್ಲಿಂದ ಹಾರಿ 'ಹೆಬ್ಬೆಟ್ಟು ಅಂದರೆ ನಾಯಕತ್ವ, ಉಂಗುರಬೆರಳು ಅಂದರೆ ಸಂಗೀತ' ಅನ್ನುವುದು ಹಸ್ತಸಾಮುದ್ರಿಕಕ್ಕೆ ಲ್ಯಾಪ್‌ಟಾಪ್ ಜೋಡಿಸಿದ ಹಾಗೆ. 2022ರಲ್ಲಿ 23 ಸಾವಿರಕ್ಕೂ ಹೆಚ್ಚು ಜನರ ಬೆರಳ ಗುರುತು ಮತ್ತು ಜೀನ್ ಹೋಲಿಸಿದ ಅಧ್ಯಯನ ಬಂತು. ಗೆರೆಯ ವಿನ್ಯಾಸದ ಹಿಂದೆ ಇರುವುದು ಮುಖ್ಯವಾಗಿ ಕೈಕಾಲು ಬೆಳೆಸುವ ಜೀನುಗಳು ಅಂತ ಅದರಲ್ಲಿ ಗೊತ್ತಾಯಿತು.

ಇದೆಲ್ಲ ಬಿಡಿ, ನಮ್ಮ ಮನೆಯ ಎರಡು ರಿಪೋರ್ಟೇ ಸಾಕು. ಒಂದೇ ಅಚ್ಚಿನ ಅವಳಿಗಳಿಗೂ ಬೆರಳ ಗುರುತು ಬೇರೆ ಬೇರೆ ಇರುತ್ತದೆ. ಹೊಟ್ಟೆಯಲ್ಲಿ ಯಾರು ಹೇಗೆ ಮಲಗಿದ್ದರು, ಬೆರಳ ತುದಿ ಎಷ್ಟು ದಪ್ಪ ಇತ್ತು, ಇಂಥ ಸಣ್ಣಪುಟ್ಟದ್ದರಿಂದ ಗೆರೆ ಬದಲಾಗುತ್ತದೆ. ಪೊಲೀಸರಿಗೆ ಅದರಿಂದಲೇ ಅನುಕೂಲ. ಈಗ ನೋಡಿ, ಜೀನ್ ಒಂದೇ ಇರುವ ಇಬ್ಬರು ಹುಡುಗಿಯರಿಗೆ 'ವಂಶವಾಹಿಯಿಂದ ಬಂದ ಹುಟ್ಟು ಮೆದುಳು' ಅಂತ ಎರಡು ಬೇರೆ ಬೇರೆ ರಿಪೋರ್ಟ್ ಕೊಟ್ಟಿದ್ದಾರೆ. ಇಬ್ಬರೂ ಅವಳಿ ಅಂತ ಆ ಯಂತ್ರಕ್ಕೆ ಯಾರೂ ಹೇಳಿರಲಿಲ್ಲ, ಪಾಪ.

ಎಡಮೆದುಳು-ಬಲಮೆದುಳು ಮಾತೂ ಅಷ್ಟೇ. ಮಾತಾಡುವ ಕೆಲಸ ಬಹುತೇಕರಲ್ಲಿ ಎಡಕ್ಕೆ ವಾಲಿರುತ್ತದೆ, ನಿಜ. ಆದರೆ ಇವನು ಎಡಮೆದುಳಿನ ಮನುಷ್ಯ, ಇವಳು ಬಲಮೆದುಳಿನವಳು ಅಂತ ಇಲ್ಲ. 2013ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು 1,011 ಜನರ ಸ್ಕ್ಯಾನ್ ಜಾಲಾಡಿದರೂ ಅಂಥವರು ಸಿಗಲಿಲ್ಲ. ನನ್ನ 14 ವರ್ಷದಲ್ಲೂ ಸಿಕ್ಕಿಲ್ಲ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಇನ್ನು 'ಶೇಕಡಾ 90 ಜೀನಿನಿಂದ' ಅಂದ ತಕ್ಷಣ ಅಯ್ಯೋ ಎಲ್ಲ ಹಣೆಬರಹ ಅಂದುಕೊಳ್ಳುವವರಿಗೆ ಒಂದು ಮಾತು. ನಮ್ಮ ಹಾವೇರಿ ಕಡೆಯವರಿಗೆ ಮೆಣಸಿನಕಾಯಿ ಬಗ್ಗೆ ನಾನು ಹೇಳಿಕೊಡಬೇಕಾಗಿಲ್ಲ. ಬ್ಯಾಡಗಿ ಡಬ್ಬಿ ಮತ್ತು ಕಡ್ಡಿ ಬೀಜ ಬೆರೆಸಿ, ಒಂದೇ ಮಡಿಯಲ್ಲಿ ಸಮ ನೀರು, ಸಮ ಗೊಬ್ಬರ ಕೊಟ್ಟು ಬೆಳೆದರೆ ಗಿಡ-ಗಿಡಕ್ಕೆ ಕಾಣುವ ಫರಕು ಹತ್ತಿರ ಹತ್ತಿರ ಎಲ್ಲ ಬೀಜದ್ದೇ. ಅದೇ ಬೆರಕೆ ಬೀಜವನ್ನು ಮಳೆ ಕೈಕೊಟ್ಟ ಹೊಲದಲ್ಲಿ ಹಾಕಿ. ಅಲ್ಲೂ ಗಿಡ-ಗಿಡದ ಫರಕು ಬೀಜದ್ದೇ, ಆದರೆ ಹೊಲಕ್ಕೆ ಹೊಲವೇ ಸೊರಗಿರುತ್ತದೆ. ಅದು ನೀರಿನ ಫರಕು. ಶೇಕಡಾ ಇಷ್ಟು ಅನ್ನುವ ಅಂಕಿ ಒಂದು ಹೊಲದೊಳಗಿನ ಲೆಕ್ಕ. ಒಂದು ಗಿಡದ ಭವಿಷ್ಯ ಅದರಲ್ಲಿ ಇರುವುದಿಲ್ಲ.

ನೀರು ಕೈಕೊಟ್ಟ ಹೊಲ ಮನುಷ್ಯರಲ್ಲೂ ಉಂಟು. ರೊಮೇನಿಯಾದಲ್ಲಿ ಸರ್ವಾಧಿಕಾರಿ ಚೌಸೆಸ್ಕು ಕಾಲದ ಅನಾಥಾಲಯಗಳಲ್ಲಿ ಕೂಸುಗಳನ್ನು ಎತ್ತಿ ಆಡಿಸುವವರಿಲ್ಲದೆ, ಸರಿಯಾಗಿ ಊಟವಿಲ್ಲದೆ ತೊಟ್ಟಿಲಲ್ಲೇ ಬಿಟ್ಟಿದ್ದರು. ಆಮೇಲೆ ಅವರಲ್ಲಿ ಕೆಲವರು ಇಂಗ್ಲೆಂಡಿನ ಒಳ್ಳೆಯ ಮನೆಗಳಿಗೆ ದತ್ತು ಹೋದರು. 20 ವರ್ಷ ದಾಟಿದ ಮೇಲೆ ಸ್ಕ್ಯಾನ್ ಮಾಡಿದರೂ ಅವರ ಮೆದುಳು, ಇಂಗ್ಲೆಂಡಿನೊಳಗೇ ದತ್ತು ಹೋದ ಮಕ್ಕಳಿಗಿಂತ ಸರಾಸರಿ ಶೇಕಡಾ 8.6ರಷ್ಟು ಚಿಕ್ಕದಿತ್ತು. ಅನಾಥಾಲಯದಲ್ಲಿ ಕಳೆದ ತಿಂಗಳು ಹೆಚ್ಚಾದಷ್ಟೂ ಮೆದುಳು ಅಷ್ಟು ಚಿಕ್ಕದಿತ್ತು. ನಾನು ಇದನ್ನು ಓದಿದ ರಾತ್ರಿ ಮನೆಗೆ ಹೋಗಿ ಮಲಗಿದ್ದ ಮಗನ ತಲೆ ಸವರಿದೆ, ಅವನಿಗೀಗ ಹದಿನಾರು, ಎದ್ದು ಬೈದ.

ಬೆಳೆಯುವುದೂ ಉಂಟು. ಲಂಡನ್ನಿನ ಟ್ಯಾಕ್ಸಿಯವರು ಲೈಸೆನ್ಸ್ ಸಿಗಬೇಕಾದರೆ ಸುಮಾರು 25 ಸಾವಿರ ಬೀದಿ ಬಾಯಿಪಾಠ ಮಾಡಬೇಕು, ಮೂರ್ನಾಲ್ಕು ವರ್ಷದ ಕೆಲಸ. ಹಾಗೆ ಕಲಿಯುತ್ತಿದ್ದ 79 ಜನರನ್ನು ಮೊದಲೇ ಸ್ಕ್ಯಾನ್ ಮಾಡಿ, ಕೊನೆಗೆ ಅವರಲ್ಲಿ ಬಹಳಷ್ಟು ಜನರನ್ನು ಮತ್ತೆ ಮಾಡಿದರು. ಪಾಸಾದ 39 ಜನರಲ್ಲಿ ಮಾತ್ರ ದಾರಿ ನೆನಪಿಡುವ ಹಿಪೊಕ್ಯಾಂಪಸ್‌ನ ಹಿಂಭಾಗ ದೊಡ್ಡದಾಗಿತ್ತು. ಶುರುವಿನಲ್ಲಿ ಪಾಸಾದವರಿಗೂ ಫೇಲಾದವರಿಗೂ ಅಲ್ಲಿ ಫರಕು ಇರಲಿಲ್ಲ. 2011ರಲ್ಲಿ ಬಂದ ಫಲಿತಾಂಶ ಇದು. ದುರ್ಗದ ಬೈಲಿನ ಸುತ್ತಲಿನ ಓಣಿಗಳಲ್ಲಿ ಕಣ್ಣು ಮುಚ್ಚಿ ಆಟೋ ಓಡಿಸುವ ನಮ್ಮವರ ಮೆದುಳು ಯಾರೂ ನೋಡಿಲ್ಲ, ನೋಡಿದರೆ ಚೆನ್ನಾಗಿರುತ್ತಿತ್ತು.

ದೊಡ್ಡ ಮೆದುಳು ಅಂದರೆ ದೊಡ್ಡ ಬುದ್ಧಿ ಅನ್ನುವುದನ್ನೂ ಆ ರಿಪೋರ್ಟಿನಲ್ಲಿ ಬರೆದಿದ್ದರು. ಗಾತ್ರಕ್ಕೂ ಬುದ್ಧಿ ಪರೀಕ್ಷೆಯ ಅಂಕಕ್ಕೂ ಇರುವ ನಂಟು ಬಹಳ ಸಡಿಲ. ಐನ್‌ಸ್ಟೈನ್ ತೀರಿಕೊಂಡಾಗ ತೆಗೆದಿಟ್ಟ ಮೆದುಳು 1,230 ಗ್ರಾಂ, ಗಂಡಸರ ಸರಾಸರಿಗಿಂತ ಕಡಿಮೆಯೇ. ಇನ್ನೇನು ಹೇಳಲಿ.

ಹಾಗಂತ ನಮ್ಮ ಕಡೆ ವಂಶವಾಹಿಯ ಚಿಂತೆ ಬೇಡವೇ ಬೇಡ ಅಂತಲ್ಲ. ನಿಜವಾದ ಚಿಂತೆಯ ಜಾಗ ಬೇರೆ ಇದೆ. ನಮ್ಮಲ್ಲಿ ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವುದು, ಅತ್ತೆ ಮಗಳನ್ನು ತಂದುಕೊಳ್ಳುವುದು ಇನ್ನೂ ನಡೆದಿದೆ. ಒಂದು ಕುಲದಲ್ಲಿ ಎಎಸ್‌ಪಿಎಂ ಅನ್ನುವ ಜೀನಿನ ಕೆಟ್ಟ ಪ್ರತಿ ಒಂದು ಸುಮ್ನೆ ಕೂತಿರಬಹುದು, ಯಾರಿಗೂ ಏನೂ ಆಗುವುದಿಲ್ಲ. ಅಪ್ಪ ಅಮ್ಮ ಇಬ್ಬರಲ್ಲೂ ಅದೇ ಕೆಟ್ಟ ಪ್ರತಿ ಇದ್ದರೆ ಪ್ರತಿ ಬಸುರಿನಲ್ಲೂ ನಾಲ್ಕರಲ್ಲಿ ಒಂದು ಪಾಲು, ಮಗು ತೀರಾ ಚಿಕ್ಕ ಮೆದುಳಿನೊಂದಿಗೆ ಹುಟ್ಟುವ ಸಾಧ್ಯತೆ. ಬೆಂಗಳೂರಿನ ಐಐಎಸ್‌ಸಿ ಮತ್ತು ನಿಮ್ಹಾನ್ಸ್‌ನವರು 2004ರಷ್ಟು ಹಿಂದೆಯೇ ಭಾರತೀಯ ಕುಟುಂಬಗಳಲ್ಲಿ ಈ ಜೀನಿನ ದೋಷ ಗುರುತಿಸಿದ್ದಾರೆ. ಅಂಥ ಮಕ್ಕಳು ನಮ್ಮ ಟೇಬಲ್ ಮೇಲೂ ಮಲಗಿದ್ದಾರೆ. ಸ್ಕ್ಯಾನ್ ಮುಗಿದ ಮೇಲೆ ಆ ಅಪ್ಪ ಅಮ್ಮ ನನ್ನ ಮುಖ ನೋಡುತ್ತಾರೆ, ನಾನು 'ಡಾಕ್ಟರ್ ಹೇಳ್ತಾರೆ' ಅಂತ ಹೇಳಿ ಕಂಪ್ಯೂಟರ್ ಕಡೆ ತಿರುಗುತ್ತೇನೆ. ಮದುವೆಗೆ ಮುಂಚೆ ಒಂದು ಜೆನೆಟಿಕ್ ಕೌನ್ಸೆಲಿಂಗ್‌ಗೆ ಹೋಗಲು ನಮ್ಮವರಿಗೆ ಸಂಕೋಚ, ಬೆರಳು ಒತ್ತಿಸಲು ಕ್ಯೂ.

ಇನ್ನೊಂದು. ಮೇಲೆ ಹೇಳಿದ 51 ಸಾವಿರ ಜನರಲ್ಲಿ ಬಹುಪಾಲು ಯುರೋಪ್ ಮೂಲದವರು. ನಮ್ಮ ಮೆದುಳಿನ ಲೆಕ್ಕ ನಮ್ಮಲ್ಲೇ ಆಗಬೇಕು. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ ಸುಮಾರು ಹತ್ತು ಸಾವಿರ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡುವ ಕೆಲಸವನ್ನು ಐಐಎಸ್‌ಸಿ ಆವರಣದ ಮೆದುಳು ಸಂಶೋಧನಾ ಕೇಂದ್ರ ಕೈಗೆತ್ತಿಕೊಂಡಿದೆ, ಜೀನ್, ಸ್ಕ್ಯಾನ್ ಎರಡೂ ಅದರಲ್ಲಿವೆ. ನಮ್ಮ ಭಾಗದಲ್ಲಿ ಮೊದಲು ಕಿಮ್ಸ್ ಅನ್ನುತ್ತಿದ್ದ ಹುಬ್ಬಳ್ಳಿಯ ಸರಕಾರಿ ಮೆಡಿಕಲ್ ಕಾಲೇಜು ಇದೆ, ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ, ಐಐಟಿ ಬಂದಿದೆ. ಇಂಥದ್ದೊಂದು ಇಲ್ಲೂ ಯಾಕಾಗಬಾರದು?

ಮಗು ಕಲಿಕೆಯಲ್ಲಿ ಹಿಂದಿದೆ ಅಂತ ನಿಜವಾಗಿ ಅನ್ನಿಸಿದರೆ ಹುಬ್ಬಳ್ಳಿಯವರು ಚಿಗರಿ ಬಸ್ ಹತ್ತಿ ಧಾರವಾಡದ ಡಿಮ್ಹಾನ್ಸ್‌ಗೆ ಹೋಗಿ. ಅಲ್ಲಿ ಕಲಿತು ಬಂದ ಮನಶ್ಶಾಸ್ತ್ರಜ್ಞರು ಮಗುವಿನ ಜೊತೆ ಕೂತು ಮಾತಾಡುತ್ತಾರೆ. ಈ ಬೆರಳಿನ ಪರೀಕ್ಷೆಗೆ ವೈಜ್ಞಾನಿಕ ಆಧಾರ ಇಲ್ಲ ಅಂತ ಭಾರತೀಯ ಮನೋವೈದ್ಯರ ಸಂಘ ಹೇಳಿಯಾಗಿದೆ. ಆದರೂ ಶಾಲೆಗಳೇ ಕ್ಯಾಂಪ್‌ಗೆ ಕೋಣೆ ಬಿಟ್ಟುಕೊಟ್ಟು, ಡೈರಿಯಲ್ಲಿ ನೋಟಿಸ್ ಅಂಟಿಸಿ, ಫೀಸಿನ ಜೊತೆಗೇ ದುಡ್ಡು ತಗೊಂಡರೆ ತಂದೆ ತಾಯಿ ನಂಬದೆ ಏನು ಮಾಡುತ್ತಾರೆ? ತಮ್ಮ ಆ ಶಾಲೆಗೆ ಹೋಗಿ ಕೇಳಿದ. 'ನಾವು ಜಾಗ ಕೊಟ್ಟಿದ್ದಷ್ಟೇ' ಅಂದರಂತೆ. ರಿಪೋರ್ಟಿನ ಹಿಂದೆ ಇರುವ ನಂಬರಿಗೆ ಫೋನ್ ಮಾಡಿದರೆ ಸ್ವಿಚ್ ಆಫ್.

ಸಣ್ಣಾಕಿ ಈಗ ಮತ್ತೆ ಟ್ಯೂಷನ್‌ಗೆ ಹೋಗುತ್ತಿದ್ದಾಳೆ. ಲೆಕ್ಕ ತಪ್ಪಿದಾಗೆಲ್ಲ 'ನನ್ನ ಮೆದುಳೇ ಹಂಗ' ಅನ್ನುವುದನ್ನು ಮಾತ್ರ ಇನ್ನೂ ಬಿಟ್ಟಿಲ್ಲ ಅಂತ ಅವಳವ್ವ ಮೊನ್ನೆ ಫೋನಿನಲ್ಲಿ ಹೇಳಿದಳು.

ಶಾಲೆಯ ಆವರಣದಲ್ಲಿ, ಶಾಲೆಯ ಹೊತ್ತಿನಲ್ಲಿ ಈ ಕ್ಯಾಂಪ್ ಮಾಡಲು ಅನುಮತಿ ಕೊಟ್ಟವರು ಯಾರು, ಮಕ್ಕಳ ಹತ್ತೂ ಬೆರಳಿನ ಗುರುತು ಈಗ ಯಾರ ಲ್ಯಾಪ್‌ಟಾಪಿನಲ್ಲಿದೆ, ಇವೆರಡಕ್ಕೆ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಶಿಕ್ಷಣ ಇಲಾಖೆಯ ಡಿಡಿಪಿಐ ಕಚೇರಿಯವರು ನಿಮ್ಮ ಪತ್ರಿಕೆಯ ಮೂಲಕವೇ ಉತ್ತರ ಕೊಡಲಿ.

ಇಂತಿ ನಿಮ್ಮ ಓದುಗ,
ಒಬ್ಬ ಎಂಆರ್‌ಐ ಟೆಕ್ನೀಷಿಯನ್, ವಿದ್ಯಾನಗರ, ಹುಬ್ಬಳ್ಳಿ